ಚಿನ್ನ ಹುಡುಕುವವರು ಆರ್ಸೆನಿಕ್ ಯಾಕೆ ನೋಡುತ್ತಾರೆ?

ಮಸಾರಿ_ಹೊಲ:
ನಮ್ಮೂರು ಲಿಂಗಸುಗೂರು ತಾಲ್ಲೂಕಿನಲ್ಲಿದೆ, ಹಟ್ಟಿ ಗಣಿಯಿಂದ ಜಾಸ್ತಿ ದೂರವಿಲ್ಲ. ಹೋದ ವಾರ ಸರ್ವೆಯವರು ಬಂದಿದ್ದರು. ನಮ್ಮ ತೊಗರಿ ಹೊಲದ ಬದುವಿನ ಹತ್ತಿರ ಗುಂಡಿ ತೋಡಿ, ಮಣ್ಣು ಜರಡಿ ಹಿಡಿದು ಚೀಲಕ್ಕೆ ತುಂಬಿಕೊಂಡರು. ಹಳ್ಳದ ಮರಳನ್ನೂ ತೆಗೆದುಕೊಂಡರು. ಚಿನ್ನಕ್ಕಾ ಅಂತ ಕೇಳಿದರೆ "ಮೊದಲು ಆರ್ಸೆನಿಕ್ ನೋಡುತ್ತೇವೆ" ಅಂದರು. ಅದು ವಿಷ ಅಲ್ವಾ? ಚಿನ್ನ ಬೇಕಾದವರಿಗೆ ಅದು ಯಾಕೆ? ಮನೆಯಲ್ಲಿ ಎಲ್ಲರೂ ಕುಡಿಯುವುದು ಬೋರ್ ನೀರು. ಆ ಮಾತು ಕೇಳಿದಾಗಿನಿಂದ ಅವ್ವನಿಗೆ ಒಂದೇ ಚಿಂತೆ.

ಮಣ್ಣು_ಪರೀಕ್ಷಕಿ:
ತಮ್ಮಾ, ನನ್ನ ಕೆಲಸದ ಜೀವನವೆಲ್ಲ ಇಂಥ ಚೀಲಗಳನ್ನು ಪರೀಕ್ಷಿಸುವುದರಲ್ಲೇ ಕಳೆದಿದೆ. ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಭಾಗದ ಚಿನ್ನ ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿ ನೀರಿನಿಂದ ಕೂತದ್ದು. ಅದೇ ನೀರು ಆರ್ಸೆನಿಕ್ಕನ್ನೂ ತಂದಿತ್ತು. ಅದು ಕಬ್ಬಿಣ, ಗಂಧಕದ ಜೊತೆ ಸೇರಿ ಆರ್ಸೆನೋಪೈರೈಟ್ ಅನ್ನುವ ಖನಿಜವಾಯಿತು. ಹಟ್ಟಿಯ ಅದಿರಿನಲ್ಲಿ ಇದು ಚಿನ್ನದ ಪಕ್ಕದಲ್ಲೇ ಸಿಗುತ್ತದೆ. ಮಾಮೂಲಿ ಬಂಡೆಯಲ್ಲಿ ಟನ್ನಿಗೆ ಚಿನ್ನ ಕೆಲವೇ ಮಿಲಿಗ್ರಾಂ, ಒಳ್ಳೆಯ ಅದಿರಿನಲ್ಲಿ ಕೆಲವು ಗ್ರಾಂ. ಅದೂ ಕಣ ಕಣವಾಗಿ ಅಲ್ಲೊಂದು ಇಲ್ಲೊಂದು ಇರುತ್ತದೆ. ಒಂದು ಚೀಲದಲ್ಲಿ ಕಣ ಸಿಕ್ಕಿತು, ಪಕ್ಕದ ಚೀಲದಲ್ಲಿ ಇಲ್ಲ ಅಂದರೆ ಏನು ತೀರ್ಮಾನ ಮಾಡುವುದು? ಆರ್ಸೆನಿಕ್ ಹಾಗಲ್ಲ. ಅದಿರಿನ ಸುತ್ತ ಅಗಲವಾಗಿ ಹರಡಿರುತ್ತದೆ, ಅಳೆಯುವುದೂ ಸುಲಭ. ಎಲ್ಲಿ ಜಾಸ್ತಿ ಇದೆ ಅಂತ ನಕ್ಷೆಯ ಮೇಲೆ ಗುರುತು ಮಾಡಿದರೆ ಎಲ್ಲಿ ಕೊರೆಯಬೇಕು ಅನ್ನುವುದು ಕಾಣತೊಡಗುತ್ತದೆ. ಹಳ್ಳದ ಮರಳು ತೆಗೆದುಕೊಂಡಿದ್ದು ಮೇಲಿನ ಇಡೀ ಜಲಾನಯನದ ಸುಳಿವಿಗೆ.

ಎರೆ ಮಣ್ಣಿನಲ್ಲಿ ನನಗೆ ಯಾವತ್ತೂ ಅನುಮಾನ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೇಲಿನದು ಕೆಳಗೆ ಬೀಳುತ್ತದೆ, ಎಲ್ಲ ಕಲಸಿಹೋಗುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಕೆಳಗಿನ ಕಲ್ಲಿನ ಗುಣ ಇನ್ನೂ ಚೆನ್ನಾಗಿ ಉಳಿದಿರುತ್ತದೆ. ಇನ್ನೊಂದು ಮಾತು. ಮಾದರಿ ತೆಗೆಯುವವರು ಚಿನ್ನದ ಉಂಗುರ ಬಿಚ್ಚಿಟ್ಟು ಬರಬೇಕು. ಉಂಗುರ ಸವೆದು ಕಣ್ಣಿಗೆ ಕಾಣದ ಚೂರು ಬಿದ್ದರೂ ಸಾಕು, ಹೊಲದಲ್ಲಿ ಇಲ್ಲದ ಚಿನ್ನ ಕಾಗದದ ಮೇಲೆ ಬಂದುಬಿಡುತ್ತದೆ.

ಈಗ ನೀರು. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ನೀರಿನಲ್ಲೂ ಇರಲೇಬೇಕು ಅಂತಿಲ್ಲ. ತುಕ್ಕಿನಂಥ ಕಬ್ಬಿಣದ ಆಕ್ಸೈಡ್ ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನೀರಿನ ಕ್ಷಾರ ಹೆಚ್ಚಾದರೆ, ಇಲ್ಲವೇ ಆಳದಲ್ಲಿ ಆಮ್ಲಜನಕ ಕಡಿಮೆಯಾದರೆ ಆ ಹಿಡಿತ ಸಡಿಲವಾಗುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕಥೆ ಕೇಳಿರಬಹುದು. ಮಂಗಳೂರು ಅನ್ನುವ ಅಲ್ಲಿನ ಊರಿನ ಹಳೆಯ ಚಿನ್ನದ ಗಣಿಯ ಹತ್ತಿರದ ಜಾಗ ಅದು. ಆರ್ಸೆನಿಕ್ ಇದ್ದ ಬೋರ್ ನೀರು ಕುಡಿದು ಜನರ ಚರ್ಮ ಕೆಟ್ಟಿತು. ಚಿನ್ನಕ್ಕೆ ಮಾಡುವ ನಕ್ಷೆಯಲ್ಲೇ ಯಾವ ಊರಿನ ಬೋರ್ ಮೊದಲು ಪರೀಕ್ಷಿಸಬೇಕು ಅನ್ನುವುದೂ ಇರುತ್ತದೆ. ಅದನ್ನು ಪಂಚಾಯಿತಿಗೂ ಕೊಡಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಕುಡಿಯುವವರಿಗೆ ಗೊತ್ತಾಗದೆ ಕಂಪನಿಗೆ ಮಾತ್ರ ಗೊತ್ತಾದರೆ ಅದು ಅನ್ಯಾಯ.

ಕೆಜಿಎಫ್_ಮನೆ:
ಮೇಡಂ ಹೇಳಿದ್ದು ಗಣಿ ಶುರುವಾಗುವ ಮುಂಚಿನದು. ಮುಚ್ಚಿದ ಮೇಲೂ ಇದೇ ಕೆಲಸ ಬೇಕು. ನಮ್ಮಲ್ಲಿ 2001ರಲ್ಲಿ ಗಣಿ ನಿಂತಿತು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಬಿಸಾಕಿದ ಕಲ್ಲಿನ ಪುಡಿಯ ದಿಬ್ಬಗಳು ಉಳಿದವು. ಎಲ್ಲ ಸೇರಿ ಸುಮಾರು 3.3 ಕೋಟಿ ಟನ್ ಪುಡಿ. ಗಾಳಿ ಎದ್ದರೆ ಅಡುಗೆಮನೆವರೆಗೂ ದೂಳು. 2024ರ ಜೂನ್‌ನಲ್ಲಿ ಅದರಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿತು. ಕೆಲಸ ಬಂದರೆ ಸಂತೋಷವೇ. ಆದರೆ ಟನ್ನಿಗೆ ಎಷ್ಟು ಚಿನ್ನ ಅಂತ ಮಾತ್ರ ಅಳೆದರೆ ಸಾಲದು. ಕದಡಿದಾಗ ನೀರಿಗೆ ಏನು ಇಳಿಯುತ್ತದೆ, ಅದನ್ನೂ ಅಳೆಯಬೇಕು.

ಮಣ್ಣು_ಪರೀಕ್ಷಕಿ:
ಸರಿಯಾದ ಮಾತು. ಸಲ್ಫೈಡ್, ಅಂದರೆ ಗಂಧಕ ಸೇರಿದ ಖನಿಜ, ಇರುವ ಪುಡಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಅದನ್ನು ತಣಿಸುವಷ್ಟು ಸುಣ್ಣದಂಥ ಖನಿಜ ಅಲ್ಲೇ ಇದೆಯಾ ಅಂತ ಕದಡುವ ಮೊದಲೇ ಲೆಕ್ಕ ಹಾಕಬಹುದು. ಆಮೇಲೆ ನೋಡೋಣ ಅನ್ನುವ ವಿಷಯ ಇದಲ್ಲ.

ಮಸಾರಿ_ಹೊಲ:
ತುಂಬಾ ಧನ್ಯವಾದ ಮೇಡಂ. ಸದ್ಯಕ್ಕೆ ಕಾಯಿಸಿ ಕುಡಿದರೆ ನಡೆಯುತ್ತದಾ?

ಮಣ್ಣು_ಪರೀಕ್ಷಕಿ:
ಇಲ್ಲಪ್ಪ, ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಬಣ್ಣ, ರುಚಿ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಜಿಲ್ಲೆಯ ನೀರು ಪರೀಕ್ಷಾ ಲ್ಯಾಬಿನಲ್ಲಿ ಆರ್ಸೆನಿಕ್ ಅಂತ ಹೆಸರು ಹೇಳಿಯೇ ಕೇಳಿ, ಮಾಮೂಲಿ ಪರೀಕ್ಷೆಯಲ್ಲಿ ಅದನ್ನು ಬಿಟ್ಟಿರಬಹುದು. ಬಾಟಲಿ ಅವರದ್ದೇ ತನ್ನಿ. ಬೋರ್ ಸ್ವಲ್ಪ ಹೊತ್ತು ಓಡಿಸಿ, ನಿಂತ ನೀರು ಹೋದ ಮೇಲೆ ತುಂಬಿ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ನೋಡಿಕೊಳ್ಳಿ. ಪಕ್ಕದ ಮನೆಯ ಬೋರ್ ಚೆನ್ನಾಗಿದೆ ಅಂತ ನಿಮ್ಮದನ್ನು ಬಿಡಬೇಡಿ. ಬಿರುಕು ಬೇರೆಯಾದರೆ ನೀರೂ ಬೇರೆ. ಫಲಿತಾಂಶ ಬಂದ ಮೇಲೆ ಇಲ್ಲಿ ಹಾಕಿ, ನಾನು ನೋಡುತ್ತೇನೆ.