ಮುದಿ ನಾಯಿ, ಮುದಿ ಬೆಕ್ಕು: ಇದು ಕೀಲುನೋವೇ?

ಪ್ರಶ್ನೆ (ತುಮಕೂರು_ಲ್ಯಾಬ್):
ಲ್ಯಾಬ್ರಡಾರ್, 10 ವರ್ಷ, 38 ಕೆ.ಜಿ. ಬೆಳಿಗ್ಗೆ ಏಳುವಾಗ ಹಿಂಗಾಲು ಸೆಟೆದಿರುತ್ತೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲ ಆಗುತ್ತೆ. 13 ವರ್ಷದ ಬೆಕ್ಕೂ ಇದೆ. ಅದು ಕುಂಟಲ್ಲ, ಆದರೆ ಈಚೆಗೆ ಟ್ರೇ ಪಕ್ಕದಲ್ಲೇ ಉಚ್ಚೆ ಹೊಯ್ಯುತ್ತೆ. ಅರ್ಧ ಡೋಲೋ ಕೊಡಬಹುದಾ?

ಪಶುವೈದ್ಯ_ಮಲೆನಾಡು:
ಡೋಲೋ ಬೇಡವೇ ಬೇಡ. ಅದರಲ್ಲಿರುವ ಪ್ಯಾರಾಸಿಟಮಾಲನ್ನು ನಿರ್ವಿಷ ಮಾಡುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಸಾಲದು. ಅರ್ಧ ಮಾತ್ರೆಗೇ ಒಸಡು ಕಂದುಗಟ್ಟಿ, ಮುಖ ಊದಿ, ಪ್ರಾಣ ಹೋಗಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೂ ಆಗಲ್ಲ: ಹೊಟ್ಟೆಹುಣ್ಣು, ಕಿಡ್ನಿ ಪೆಟ್ಟು.

ನಾಯಿ ನಡೆಯುವುದನ್ನು ಮನೆಯಲ್ಲೇ ವಿಡಿಯೋ ಮಾಡಿ. ಕ್ಲಿನಿಕ್ಕಿನ ಗಾಬರಿಯಲ್ಲಿ ಕುಂಟು ಕಾಣಿಸೋದೇ ಇಲ್ಲ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತೆ. ಹಿಂದೆ ನಿಂತು ಎರಡು ತೊಡೆಯನ್ನೂ ಒಟ್ಟಿಗೆ ಹಿಡಿದು ನೋಡಿ, ನೋಯುವ ಕಡೆ ಮಾಂಸ ಇಳಿದಿರುತ್ತೆ. ಜ್ವರ, ಕೀಲು ಊತ, ಇವತ್ತು ಒಂದು ಕಾಲು ನಾಳೆ ಇನ್ನೊಂದು ಅಂತ ಕುಂಟು ಇದ್ದರೆ ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ.

ನಾಯಿಗೆ ನೋವಿನ ಔಷಧಿ ಸಾಮಾನ್ಯವಾಗಿ ಮೆಲಾಕ್ಸಿಕಾಮ್: ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1, ಊಟದ ಜೊತೆಗೇ. ಅದಕ್ಕೂ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಗೆ), ಎಎಲ್‌ಟಿ (ಲಿವರ್‌ಗೆ) ನೋಡಿಸಿ, ವೈದ್ಯರು ಬರೆದ ಮೇಲೇ ಶುರು ಮಾಡಿ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ.

ನೆಲಮಾಳಿಗೆ:
ಮಾತ್ರೆಗಿಂತ ತಕ್ಕಡಿ ಮುಖ್ಯ. ತೂಕ ಶೇ 6–8 ಇಳಿದರೇ ಕುಂಟು ಕಡಿಮೆಯಾಗುತ್ತೆ, ನಿಮ್ಮ ನಾಯಿಗೆ ಅದು ಎರಡೂವರೆ ಕೆ.ಜಿ. ಆಸುಪಾಸು. ವಾರಕ್ಕೆ ಶೇ 1ರ ಲೆಕ್ಕದಲ್ಲಿ ಇಳಿಸಿ. ಟೀ ಬಿಸ್ಕತ್ತು, ಮಿಕ್ಕ ಅನ್ನ ಮೊದಲು ನಿಲ್ಲಲಿ. ವಾಕಿಂಗ್ ಬಿಡಬೇಡಿ. ಭಾನುವಾರ ಒಂದು ಗಂಟೆ ಓಡಿಸಿ ಸೋಮವಾರ ಮಲಗಿಸುವ ಬದಲು ದಿನಾ ಹತ್ತು ಹತ್ತು ನಿಮಿಷ, ಮೂರು ಸಲ.

ಟೈಲ್ಸ್ ನೆಲ ಕೀಲಿಗೆ ಶತ್ರು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಸಾಲಾಗಿ ಹಾಕಿ, ನಡುವೆ ಸಂದು ಬಿಡಬೇಡಿ. ಪಾದದ ಮೆತ್ತೆಗಳ ನಡುವಿನ ಕೂದಲು ಕತ್ತರಿಸಿದರೆ ಹಿಡಿತ ಸಿಗುತ್ತೆ.

ಮಾರ್ಜಾಲ:
ಬೆಕ್ಕಿಗೆ ಸಾಮಾನ್ಯವಾಗಿ ಎರಡೂ ಬದಿಯ ಕೀಲು ಸವೆದಿರುತ್ತೆ, ಹಾಗಾಗಿ ಕುಂಟು ಕಾಣಲ್ಲ. ಒಂದೇ ನೆಗೆತಕ್ಕೆ ಹತ್ತುತ್ತಿದ್ದ ಮಂಚಕ್ಕೆ ಈಗ ಸ್ಟೂಲ್ ಬೇಕಾ? ಸೊಂಟದ ಮೇಲೆ ಕೂದಲು ಗಂಟುಗಟ್ಟಿದೆಯಾ? ಅಲ್ಲಿಗೆ ನಾಲಿಗೆ ತಾಗಿಸಲು ಬೆನ್ನು ಬಗ್ಗುತ್ತಿಲ್ಲ ಅಂತ ಅರ್ಥ. ಸುಲಭವಾಗಿ ಒಳಗೆ ಕಾಲಿಡಲು ಟ್ರೇಯ ಒಂದು ಬದಿಯನ್ನು 5 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಮೂತ್ರ, ಕಿಡ್ನಿ ಪರೀಕ್ಷೆಯೂ ಆಗಲಿ. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರದಿದ್ದರೆ ಅದೇ ದಿನ ಆಸ್ಪತ್ರೆಗೆ.

ನಾಯಿಯ ಮೆಲಾಕ್ಸಿಕಾಮ್ ಬಾಟಲಿಯಿಂದ ಬೆಕ್ಕಿಗೆ ಕೊಡಬೇಡಿ. ನಾಯಿಯ ಸಿರಪ್ ಮಿ.ಲೀ.ಗೆ 1.5 ಮಿ.ಗ್ರಾಂ, ಬೆಕ್ಕಿನದು 0.5, ಅದೇ ಸಿರಿಂಜ್ ಗುರುತಿಗೆ ಮೂರು ಪಟ್ಟು ಔಷಧಿ ಒಳಗೆ ಹೋಗುತ್ತೆ. ಪಥ್ಯ ಅಂತ ಬೆಕ್ಕನ್ನು ಉಪವಾಸವೂ ಕೆಡವಬೇಡಿ, ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತೆ.

ತುಮಕೂರು_ಲ್ಯಾಬ್:
ನಾಯಿಗೆ ತುರಿಕೆಗೆ ಅಂತ ಪ್ರೆಡ್ನಿಸೊಲೋನ್ ನಡೀತಿದೆ. ತೊಂದರೆಯಾ?

ಪಶುವೈದ್ಯ_ಮಲೆನಾಡು:
ಹೌದು. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್, ಅದೂ ಮೆಲಾಕ್ಸಿಕಾಮೂ ಸೇರಿದರೆ ಹೊಟ್ಟೆಗೋಡೆ ತೂತಾಗುವ ಅಪಾಯ ಇದೆ. ನಡುವೆ ಸುಮಾರು ಒಂದು ವಾರದ ಬಿಡುವು ಬೇಕು. ಪ್ರೆಡ್ನಿಸೊಲೋನ್ ಬಹಳ ದಿನದಿಂದ ಕೊಡುತ್ತಿದ್ದರೆ ನೀವಾಗಿ ತಟಕ್ಕನೆ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಲಿ.