ಸೂಪಿನ ಪ್ಯಾಕೆಟ್ಟಿನಲ್ಲಿ ‘ಉಪ್ಪು’ ಅಂತ ಬರೆದೇ ಇಲ್ಲ, ಹಾಗಾದರೆ ಉಪ್ಪಿಲ್ಲವೇ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ 68 ವರ್ಷ. ಬಿಪಿ ಇದೆ, ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಅಡುಗೆಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿದ್ದೇವೆ, ಊಟದ ಹೊತ್ತಿಗೆ ಉಪ್ಪಿನ ಡಬ್ಬಿ ಹೊರಗೆ ಬರುವುದೇ ಇಲ್ಲ. ಆದರೆ ಸಂಜೆಯಾದರೆ ಅವರಿಗೆ ಸೂಪ್ ಬೇಕು, ಪ್ಯಾಕೆಟ್ಟಿನ ಪುಡಿಯದ್ದು. ಹಿಂದೆ ತಿರುಗಿಸಿ ನೋಡಿದರೆ ಪೋಷಕಾಂಶಗಳ ಪಟ್ಟಿಯಲ್ಲಿ ಉಪ್ಪು ಅನ್ನುವ ಸಾಲೇ ಇಲ್ಲ. ‘ಸೋಡಿಯಂ 480 ಮಿ.ಗ್ರಾಂ’ ಅಂತಿದೆ. ಇದು ಜಾಸ್ತಿಯೋ ಕಮ್ಮಿಯೋ? “ಮಿಲಿಗ್ರಾಂ ತಾನೇ, ಅದೆಷ್ಟು ಮಹಾ” ಅಂತಾರೆ ಅಪ್ಪ.

ಆಹಾರ ತಜ್ಞೆ: ನಮಸ್ಕಾರ. ನಾನೇ ಒಂದು ಪ್ರಶ್ನೆ ಕೇಳಬೇಕು. ಆ 480 ಎಷ್ಟು ಪುಡಿಗೆ? ಪಟ್ಟಿಯ ನೆತ್ತಿಯ ಮೇಲೆ ‘100 ಗ್ರಾಂಗೆ’ ಅಂತಲೋ ‘ಒಂದು ಸರ್ವಿಂಗ್‌ಗೆ’ ಅಂತಲೋ ಇರುತ್ತದೆ, ನೋಡಿ ಹೇಳಿ. ಜೊತೆಗೆ, ಅಪ್ಪ ಒಂದು ಸಲಕ್ಕೆ ಎಷ್ಟು ಪುಡಿ ಹಾಕಿಕೊಳ್ಳುತ್ತಾರೆ?

ಪ್ರಶ್ನೆ ಕೇಳಿದವರು: ಸರ್ವಿಂಗ್‌ಗೆ ಮೇಡಂ. ಒಂದು ಸರ್ವಿಂಗ್ ಅಂದರೆ 15 ಗ್ರಾಂ ಪುಡಿ. ಪ್ಯಾಕೆಟ್ಟು 60 ಗ್ರಾಮಿನದು. ಅಪ್ಪ ಅರ್ಧ ಪ್ಯಾಕೆಟ್ ಸುರಿದು ದೊಡ್ಡ ಲೋಟದಲ್ಲಿ ಕುಡಿಯುತ್ತಾರೆ.

ಆಹಾರ ತಜ್ಞೆ: ಸಿಕ್ಕಿಬಿತ್ತು ನೋಡಿ. ಕಂಪನಿಯ ಲೆಕ್ಕದಲ್ಲಿ ಆ ಪ್ಯಾಕೆಟ್ ನಾಲ್ಕು ಜನರಿಗೆ, ಅಪ್ಪನ ಲೆಕ್ಕದಲ್ಲಿ ಇಬ್ಬರಿಗೆ. ಹಾಗಾಗಿ ಅವರ ಲೋಟದಲ್ಲಿರುವುದು 480 ಅಲ್ಲ, 960 ಮಿಲಿಗ್ರಾಂ ಸೋಡಿಯಂ.

ಸೋಡಿಯಂ ಬೇರೆ, ಉಪ್ಪು ಬೇರೆ. ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಸೋಡಿಯಂ ಪಾಲು ಸುಮಾರು 40%. ಆದ್ದರಿಂದ ಸೋಡಿಯಂ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 960 ಮಿಲಿಗ್ರಾಂ ಅಂದರೆ 2.4 ಗ್ರಾಂ ಉಪ್ಪು, ಹತ್ತಿರ ಹತ್ತಿರ ಅರ್ಧ ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅದು ಬಿಪಿ ಇಲ್ಲದವರಿಗೂ ಸೇರಿಸಿ ಹೇಳಿದ ಮಿತಿ. ನೀವು ಅಡುಗೆಮನೆಯಲ್ಲಿ ಚಿಟಿಕೆ ಚಿಟಿಕೆಯಾಗಿ ಉಳಿಸಿದ್ದೆಲ್ಲ ಸಂಜೆ ಒಂದೇ ಲೋಟದಲ್ಲಿ ವಾಪಸ್ ಬರುತ್ತಿದೆ.

ಯುರೋಪಿನ ಲೇಬಲ್ಲುಗಳಲ್ಲಿ ನೇರವಾಗಿ ‘ಉಪ್ಪು’ ಎಂದೇ ಬರೆದಿರುತ್ತಾರೆ. ಅಲ್ಲಿ ಮತ್ತೆ 2.5ರಿಂದ ಗುಣಿಸಬೇಡಿ.

ಇನ್ನೊಂದು ವಿಷಯ. ಸೋಡಿಯಂ ಇರುವುದೆಲ್ಲ ಉಪ್ಪುಪ್ಪಾಗಿ ರುಚಿಸುವುದಿಲ್ಲ. ಅಡುಗೆ ಸೋಡಾದಲ್ಲಿ ಇದೆ, ರುಚಿ ಹೆಚ್ಚಿಸುವ ಮೊನೊಸೋಡಿಯಂ ಗ್ಲುಟಮೇಟ್‌ನಲ್ಲಿ ಇದೆ. ಸಿಹಿ ಬಿಸ್ಕತ್ತಿನಲ್ಲೂ ಸೋಡಿಯಂ ಕಾಣಿಸುವುದು ಇದಕ್ಕೇ. ನಾಲಗೆಯನ್ನು ಕೇಳಿದರೆ ಗೊತ್ತಾಗದು, ಪಟ್ಟಿಯನ್ನೇ ಓದಬೇಕು.

ಇನ್ನೊಬ್ಬ ಸದಸ್ಯರು: ಮೇಡಂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎರಡು ಬ್ರ್ಯಾಂಡಿನ ಸೂಪ್ ಹೋಲಿಸುವಾಗ 100 ಗ್ರಾಂ ಕಾಲಂ ನೋಡಬೇಕೋ ಸರ್ವಿಂಗ್ ಕಾಲಂ ನೋಡಬೇಕೋ? ಒಂದರಲ್ಲಿ 100 ಗ್ರಾಂಗೆ 3,200 ಅಂತ ನೋಡಿ ಎದೆ ಧಸಕ್ಕೆಂದಿತು.

ಆಹಾರ ತಜ್ಞೆ: ಹೋಲಿಸುವುದಕ್ಕೆ 100 ಗ್ರಾಂ ಕಾಲಂ, ಏಕೆಂದರೆ ಸರ್ವಿಂಗ್ ಗಾತ್ರ ಒಬ್ಬೊಬ್ಬರದು ಒಂದೊಂದು. ತಿನ್ನುವ ಲೆಕ್ಕಕ್ಕೆ ನಿಮ್ಮ ಬಟ್ಟಲಿನ ಅಳತೆ. ಆದರೆ ಒಣಪುಡಿಯನ್ನು ಒಣಪುಡಿಗೇ ಹೋಲಿಸಿ. ನಿಮ್ಮ 3,200 ನೀರು ಬೆರೆಸದ ಪುಡಿಯ ಸಂಖ್ಯೆ, ಯಾರೂ 100 ಗ್ರಾಂ ಪುಡಿ ಮುಕ್ಕುವುದಿಲ್ಲ. ಅದನ್ನು ಡಬ್ಬಿಯಲ್ಲಿ ಬರುವ ನೀರು ಸೂಪಿನ ಪಕ್ಕ ಇಟ್ಟರೆ ಪುಡಿ ಅನ್ಯಾಯವಾಗಿ ಸೋಲುತ್ತದೆ. (ಅಂದಹಾಗೆ, ಮೇಲಿನ ಪ್ರಶ್ನೆಯ ಪ್ಯಾಕೆಟ್ಟೂ 100 ಗ್ರಾಂಗೆ ಸರಿಯಾಗಿ 3,200 ಆಗುತ್ತದೆ. ಇಬ್ಬರದೂ ಒಂದೇ ಸೂಪ್ ಇರಬಹುದು!)

ಮತ್ತೊಬ್ಬರು: ನನಗೆ ಶುಗರ್ ಇದೆ. ‘ನೋ ಆಡೆಡ್ ಶುಗರ್’ ಅಂತ ದೊಡ್ಡದಾಗಿ ಬರೆದಿರುವ ಬಿಸ್ಕತ್ತು ತಿನ್ನುತ್ತೇನೆ. ಆದರೂ ತಿಂದು ಎರಡು ಗಂಟೆಗೆ ಚೆಕ್ ಮಾಡಿದರೆ ಏರಿರುತ್ತದೆ. ಲೇಬಲ್ ಸುಳ್ಳೇ?

ಆಹಾರ ತಜ್ಞೆ: ಸುಳ್ಳಾಗಿರಬೇಕಿಲ್ಲ. ಮುಂಭಾಗದಲ್ಲಿ ಹೇಳಿದ್ದು ಸಕ್ಕರೆ ಸೇರಿಸಿಲ್ಲ ಅಂತ ಮಾತ್ರ. ಹಿಟ್ಟು ಸೇರಿಸಿಲ್ಲ ಅಂದಿಲ್ಲವಲ್ಲ. ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ನೀವು ಸಕ್ಕರೆಯ ಸಾಲಿನಲ್ಲಿ ನಿಂತುಬಿಟ್ಟಿದ್ದೀರಿ, ಒಂದು ಸಾಲು ಮೇಲೆ ಹೋಗಿ ‘ಒಟ್ಟು ಕಾರ್ಬೋಹೈಡ್ರೇಟ್’ ನೋಡಿ.

ಆಮೇಲೆ ಪದಾರ್ಥಗಳ ಪಟ್ಟಿಗೆ ಬನ್ನಿ. ಅಲ್ಲಿ ಹೆಸರುಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ, ತಯಾರಿಸುವಾಗ ಅತಿ ಹೆಚ್ಚು ಹಾಕಿದ್ದು ಮೊದಲು. ಮುಂದೆ ‘ಬಹುಧಾನ್ಯ’ ಅಂತಿದ್ದು, ಹಿಂದೆ ಮೊದಲ ಹೆಸರು ಸಂಸ್ಕರಿಸಿದ ಗೋಧಿ ಹಿಟ್ಟು, ಅಂದರೆ ಮೈದಾ, ಆಗಿದ್ದರೆ ನೀವು ತಿನ್ನುತ್ತಿರುವುದು ಮೈದಾ ಬಿಸ್ಕತ್ತನ್ನೇ. ಉಳಿದ ಧಾನ್ಯಗಳು ಹೆಸರಿಗೆ.

ಮಾಲ್ಟೋಡೆಕ್ಸ್‌ಟ್ರಿನ್ ಇದೆಯೇ ನೋಡಿ. ಅದು ಪಿಷ್ಟ ಒಡೆದು ಮಾಡಿದ ಪುಡಿ. ಸಿಹಿ ಅಷ್ಟಾಗಿ ಇರುವುದಿಲ್ಲ, ಸಕ್ಕರೆಯ ಸಾಲಿನಲ್ಲೂ ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ, ಆದರೆ ರಕ್ತದಲ್ಲಿ ಗ್ಲೂಕೋಸನ್ನು ಬೇಗ ಏರಿಸುತ್ತದೆ. ಸಕ್ಕರೆಯ ಬದಲಿಗೆ ಸಿಹಿಗಾಗಿ ಹಾಕುವ ಮಾಲ್ಟಿಟಾಲ್ ಇದ್ದರೆ ಅದು ಇನ್ನೊಂದು ಕಥೆ: ಸಕ್ಕರೆಗಿಂತ ಕಡಿಮೆ ಏರಿಸುತ್ತದೆ, ಏರಿಸುವುದೇ ಇಲ್ಲ ಅಂತಲ್ಲ. ಜಾಸ್ತಿ ತಿಂದರೆ ಹೊಟ್ಟೆ ಗುಡುಗುಡು ಅಂದು ಭೇದಿಯೂ ಆಗಬಹುದು.

ಇನ್ನು ಸಕ್ಕರೆಯ ವೇಷಗಳು. ಡೆಕ್ಸ್‌ಟ್ರೋಸ್, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಫ್ರಕ್ಟೋಸ್, ಜೇನು, ಹಣ್ಣಿನ ರಸದ ಸಾಂದ್ರ. ಒಂದೇ ಸಕ್ಕರೆ ಹಾಕಿದರೆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬರುತ್ತಿತ್ತು. ನಾಲ್ಕಾಗಿ ಹಂಚಿ ಹಾಕಿದರೆ ನಾಲ್ಕೂ ಬಾಲದ ಕಡೆಗೆ ಜಾರುತ್ತವೆ. ಪೋಷಕಾಂಶ ಪಟ್ಟಿಯ ‘ಒಟ್ಟು ಸಕ್ಕರೆ’ ಮಾತ್ರ ಎಲ್ಲವನ್ನೂ ಕೂಡಿ ತೋರಿಸುತ್ತದೆ, ಅಲ್ಲಿ ಈ ಆಟ ನಡೆಯುವುದಿಲ್ಲ. ಜೇನು, ಸಿರಪ್, ಹಣ್ಣಿನ ರಸ ಇವನ್ನೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯ ಗುಂಪಿಗೇ ಸೇರಿಸಿದೆ. ದಿನಕ್ಕೆ 2,000 ಕಿಲೋಕ್ಯಾಲೊರಿ ತಿನ್ನುವವರಿಗೆ ಈ ಗುಂಪಿನ ಮಿತಿ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಹಾಲು, ಮೊಸರಿನಲ್ಲಿ ಸಹಜವಾಗಿ ಇರುವ ಲ್ಯಾಕ್ಟೋಸ್ ಈ ಮಿತಿಗೆ ಸೇರುವುದಿಲ್ಲ. ಸಾದಾ ಮೊಸರಿನಲ್ಲಿ 100 ಗ್ರಾಂಗೆ 4–5 ಗ್ರಾಂ ಅದೇ ಇರುತ್ತದೆ. ಹಣ್ಣಿನ ಮೊಸರಿನ ಡಬ್ಬಿಯಲ್ಲಿ 14 ಅಂತಿದ್ದರೆ ಉಳಿದ ಒಂಬತ್ತು ಹತ್ತು ಗ್ರಾಂ ಹೊರಗಿನಿಂದ ಬಂದದ್ದು.

ಬಿಸ್ಕತ್ತು ತಿಂದು ಚೆಕ್ ಮಾಡುತ್ತಿದ್ದೀರಲ್ಲ, ಅದನ್ನು ಬಿಡಬೇಡಿ. ಯಾವ ಲೇಬಲ್ಲೂ ಹೇಳದ್ದನ್ನು ಅದು ಹೇಳುತ್ತದೆ.

ಒಬ್ಬ ಸದಸ್ಯರು: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ? ಪ್ಯಾಕೆಟ್ಟಿನಲ್ಲಿ ನಂಬರುಗಳು ಕಂಡರೆ ಎಸೆಯಿರಿ. 330, 322, 300… ಎಲ್ಲ ವಿಷ.

ಆಹಾರ ತಜ್ಞೆ: ಸರ್, ನೀವು ಬರೆದ ಮೂರನ್ನೇ ತೆಗೆದುಕೊಳ್ಳೋಣ. 330 ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನ ಹುಳಿ. 322 ಲೆಸಿಥಿನ್, ಮೊಟ್ಟೆಯ ಹಳದಿಯಲ್ಲೂ ಸೋಯಾದಲ್ಲೂ ಇರುತ್ತದೆ. 300 ಸಾಕ್ಷಾತ್ ವಿಟಮಿನ್ ಸಿ. ನಂಬರು ಕೊಟ್ಟಿರುವುದು ಬೇರೆ ಬೇರೆ ಭಾಷೆಯ ದೇಶಗಳಲ್ಲಿ ಒಂದೇ ವಸ್ತುವನ್ನು ಗುರುತಿಸಲು. ಎಲ್ಲ ನಂಬರೂ ಎಲ್ಲರಿಗೂ ಒಗ್ಗುತ್ತದೆ ಅನ್ನುವುದಿಲ್ಲ. ಸಲ್ಫೈಟುಗಳು, ಅಂದರೆ 220ರಿಂದ 228ರವರೆಗಿನವು, ಕೆಲವು ಆಸ್ತಮಾ ರೋಗಿಗಳಿಗೆ ತೊಂದರೆ ಕೊಡುತ್ತವೆ. ಆದರೆ ನನ್ನ ಹತ್ತಿರ ಬರುವವರನ್ನು ಹಾಳು ಮಾಡಿರುವುದು ನಂಬರುಗಳಲ್ಲ. ಎಲ್ಲರಿಗೂ ಹೆಸರು ಗೊತ್ತಿರುವ ಉಪ್ಪು, ಸಕ್ಕರೆ, ಎಣ್ಣೆಗಳೇ.

ಪ್ರಶ್ನೆ: ಟ್ರಾನ್ಸ್ ಫ್ಯಾಟ್ ‘0’ ಅಂತಿದ್ದರೆ ನಂಬಬಹುದಾ? ಮತ್ತೆ ಒಂದು ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ ಎನರ್ಜಿ 2,000 ಅಂತ ನೋಡಿದೆ, ಒಂದು ದಿನದ್ದೆಲ್ಲ ಅದರಲ್ಲೇ ಮುಗಿಯಿತಲ್ಲ!

ಆಹಾರ ತಜ್ಞೆ: ಎರಡನೆಯದು ಮೊದಲು. ಅದು ಕಿಲೋಜೌಲ್ ಇರಬೇಕು, ಪಕ್ಕದ ಅಕ್ಷರ ನೋಡಿ. 4.2ರಿಂದ ಭಾಗಿಸಿದರೆ ಸುಮಾರು 480 ಕಿಲೋಕ್ಯಾಲೊರಿ. 100 ಗ್ರಾಂ ಶುದ್ಧ ಎಣ್ಣೆ ಕುಡಿದರೂ 900 ದಾಟುವುದಿಲ್ಲ.

ಟ್ರಾನ್ಸ್ ಕೊಬ್ಬಿನ ಸೊನ್ನೆ ಕೆಲವೊಮ್ಮೆ ಪೂರ್ತಿ ಸೊನ್ನೆಯಲ್ಲ. ಅಮೆರಿಕದಲ್ಲಿ ಒಂದು ಸರ್ವಿಂಗ್‌ಗೆ 0.5 ಗ್ರಾಂಗಿಂತ ಕಡಿಮೆ ಇದ್ದರೆ 0 ಎಂದು ಬರೆಯಬಹುದು. ಪದಾರ್ಥಗಳಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಅಂತಿದ್ದರೆ ಸೊನ್ನೆಯನ್ನು ನಂಬಬೇಡಿ, ಅಂಥ ಎಣ್ಣೆಯಲ್ಲಿ ಟ್ರಾನ್ಸ್ ಕೊಬ್ಬು ಇರುತ್ತದೆ.

ಮೊದಲು ಪ್ರಶ್ನೆ ಕೇಳಿದವರು: ಮೇಡಂ, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. “ಅರ್ಧ ಚಮಚವಾ?” ಅಂತ ಸುಮ್ಮನಾದರು. ಮಾರನೇ ದಿನ ತಾವೇ ಭೂತಗನ್ನಡಿ ತೆಗೆದುಕೊಂಡು ಅಂಗಡಿಗೆ ಹೋಗಿ ‘25% ಕಡಿಮೆ ಸೋಡಿಯಂ’ ಅನ್ನುವ ಸೂಪ್ ಹುಡುಕಿ ತಂದಿದ್ದಾರೆ. ಪದಾರ್ಥಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತಿದೆ. ಕೊಡಬಹುದಾ?

ಆಹಾರ ತಜ್ಞೆ: ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಪ್ಯಾಕೆಟ್ ಇನ್ನೂ ಒಡೆಯಬೇಡಿ.

‘25% ಕಡಿಮೆ’ ಅಂದರೆ ಅದರ ಮಾಮೂಲಿ ಸೂಪಿಗಿಂತ ಕಡಿಮೆ ಅಂತ ಅಷ್ಟೇ. ಹಳೆಯ 480ರ ಜಾಗದಲ್ಲಿ 360 ಬಂತು ಅಂತಿಟ್ಟುಕೊಳ್ಳಿ, ಅರ್ಧ ಪ್ಯಾಕೆಟ್ಟಿಗೆ ಇನ್ನೂ 720. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಮಾರ್ಗಸೂಚಿಯಲ್ಲಿ ಬರೀ ‘ಕಡಿಮೆ ಸೋಡಿಯಂ’ ಅನ್ನಿಸಿಕೊಳ್ಳಲು 100 ಗ್ರಾಂಗೆ 120 ಮಿಲಿಗ್ರಾಂ ಮೀರಬಾರದು. ಎರಡೂ ಒಂದೇ ಮಾತಿನಂತೆ ಕೇಳಿಸುತ್ತವೆ, ಅರ್ಥ ಬೇರೆ.

ಪೊಟ್ಯಾಸಿಯಂ ಕ್ಲೋರೈಡ್ ಉಪ್ಪಿನ ಬದಲಿಗೆ ಹಾಕುವ ವಸ್ತು. ಬಹಳ ಜನರಿಗೆ ತೊಂದರೆಯಿಲ್ಲ. ಆದರೆ ಮೂತ್ರಪಿಂಡ ಸರಿಯಿಲ್ಲದವರಿಗೆ, ಮತ್ತು ಬಿಪಿಗೆ ಕೊಡುವ ಕೆಲವು ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಎನಲಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಅಂಥ ಮಾತ್ರೆಗಳು. ಅಪ್ಪನ ಮಾತ್ರೆಯ ಚೀಟಿಯನ್ನೂ ಈ ಪ್ಯಾಕೆಟ್ಟಿನ ಹಿಂಭಾಗದ ಫೋಟೋವನ್ನೂ ಡಾಕ್ಟರಿಗೆ ತೋರಿಸಿ ಕೇಳಿ. ಅಲ್ಲಿಯವರೆಗೆ ಬೇಕಾದರೆ ಮನೆಯಲ್ಲೇ ತರಕಾರಿ ಬೇಯಿಸಿ, ಕಾಳುಮೆಣಸು ಮುಂದಾಗಿ ಹಾಕಿ ಸೂಪ್ ಮಾಡಿ ಕೊಡಿ. ಮೊದಲ ವಾರ ಸಪ್ಪೆ ಅಂತ ಗೊಣಗುತ್ತಾರೆ, ಗೊಣಗಲಿ.