ಬೆರಳು ಚೀಪುವುದರಿಂದ ಮುಂದಿನ ಹಲ್ಲುಗಳ ನಡುವೆ ಸಂದು: ಈಗಲೇ ಚಿಕಿತ್ಸೆ ಬೇಕೆ, ಕಾಯಬಹುದೆ?

ಪ್ರಶ್ನೆ: ಒಬ್ಬ ತಾಯಿ, ಉಡುಪಿ

ನನ್ನ ಮಗಳಿಗೆ 7 ವರ್ಷ ತುಂಬಿದೆ. ಹಸುಗೂಸಾಗಿದ್ದಾಗಿನಿಂದ ಬಲಗೈ ಹೆಬ್ಬೆರಳು ಚೀಪುವ ಅಭ್ಯಾಸವಿದ್ದು, ಹಗಲಿನಲ್ಲಿ ಬಹುಮಟ್ಟಿಗೆ ಬಿಟ್ಟಿದ್ದರೂ ರಾತ್ರಿ ಬೆರಳಿಲ್ಲದೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ದವಡೆಹಲ್ಲುಗಳು ಕೂಡಿದಾಗಲೂ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಸುಮಾರು 4 ಮಿಲಿಮೀಟರ್ ಸಂದು ಉಳಿಯುತ್ತದೆ. ಇದನ್ನು ಮೊದಲು ಗಮನಿಸಿದವರು ನನ್ನ ಅತ್ತೆಯವರು. ನೀರುದೋಸೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಹರಿಯಲಾಗದೆ ಅವಳು ಬಾಯಿಯ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಬೆರಳಿಗೆ ಬೇವಿನ ರಸ ಹಚ್ಚಿದೆವು. ಅತ್ತು, ತೊಳೆದುಕೊಂಡು, ಮತ್ತೆ ಚೀಪಿದಳು. ಒಬ್ಬ ದಂತವೈದ್ಯರು ಅಂಗುಳಿಗೆ ಟಂಗ್ ಕ್ರಿಬ್, ಅಂದರೆ ಬೆರಳು ಚೀಪದಂತೆ ತಡೆಯುವ ತಂತಿಯ ಸಾಧನ, ಕೂರಿಸೋಣ ಎಂದಿದ್ದಾರೆ. ನೆಂಟರು ಮಾತ್ರ, 12ನೇ ವಯಸ್ಸಿಗೆ ಹೇಗೂ ಕ್ಲಿಪ್ ಹಾಕಿಸಬೇಕಾಗುತ್ತದೆ, ಅಲ್ಲಿಯವರೆಗೆ ಸುಮ್ಮನಿರಿ ಎನ್ನುತ್ತಾರೆ. ಯಾರ ಮಾತನ್ನು ಕೇಳಲಿ?

ಉತ್ತರ: ಮಕ್ಕಳ ದಂತವೈದ್ಯ, ಮಂಗಳೂರು

12ರವರೆಗೆ ಕಾಯಬೇಡಿ. ಹಾಗೆಂದು ನಾಳೆಯೇ ತಂತಿ ಹಾಕಿಸುವ ಅಗತ್ಯವೂ ಇಲ್ಲ.

ಓಪನ್ ಬೈಟ್ ಎನ್ನುವ ಈ ಸಂದು ಹೇಗೆ ಉಂಟಾಗುತ್ತದೆ ಎಂದು ತಿಳಿದರೆ ವಯಸ್ಸಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಹೆಬ್ಬೆರಳು ಬಾಯಲ್ಲಿರುವಾಗ ಬಾಚಿಹಲ್ಲುಗಳು ಪೂರ್ತಿ ಹೊರಬರಲು ಅದು ಅಡ್ಡವಾಗುತ್ತದೆ. ಅದೇ ಹೊತ್ತಿಗೆ ಬಾಯಿ ತೆರೆದಿರುವುದರಿಂದ ಹಿಂದಿನ ದವಡೆಹಲ್ಲುಗಳು ತಡೆಯಿಲ್ಲದೆ ಇನ್ನಷ್ಟು ಬೆಳೆಯುತ್ತವೆ, ಮತ್ತು ಹಿಂದೆ 1 ಮಿಲಿಮೀಟರ್ ಹೆಚ್ಚಾದರೆ ಮುಂದೆ ಸುಮಾರು 2 ಮಿಲಿಮೀಟರ್ ತೆರೆದುಕೊಳ್ಳುತ್ತದೆ. ನಾಲಿಗೆ ಕೆಳಕ್ಕೆ ಸರಿದು ಕೆನ್ನೆಯ ಸ್ನಾಯುಗಳ ಒತ್ತಡಕ್ಕೆ ಎದುರಿಲ್ಲದಂತಾಗಿ ಮೇಲ್ದವಡೆ ಕಿರಿದಾಗುವುದೂ ಉಂಟು. ಇಲ್ಲಿ ಎಷ್ಟು ಜೋರಾಗಿ ಚೀಪುತ್ತಾರೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಚೀಪುತ್ತಾರೆ ಎನ್ನುವುದೇ ಮುಖ್ಯ. ದಿನಕ್ಕೆ 6 ಗಂಟೆಗೂ ಮೀರಿ ಹಗುರವಾದ ಒತ್ತಡ ಬಿದ್ದರೂ ಹಲ್ಲು ಸರಿಯುತ್ತದೆ. ಆದ್ದರಿಂದ ಹಗಲಿನಲ್ಲಿ ಬಿಟ್ಟಿದ್ದಾಳೆ ಎಂಬ ಸಮಾಧಾನ ಸಾಲದು. ರಾತ್ರಿಯಿಡೀ ಬೆರಳು ಬಾಯಲ್ಲೇ ಇದ್ದರೆ ಆ ಮಿತಿ ಸುಲಭವಾಗಿ ದಾಟುತ್ತದೆ.

ಬಾಚಿಹಲ್ಲುಗಳು ಇನ್ನೂ ಏರುತ್ತಿರುವ ಈ ವಯಸ್ಸಿನಲ್ಲಿ ಅಭ್ಯಾಸ ನಿಂತರೆ, ಎಲುಬಿನ ಬೆಳವಣಿಗೆಯಲ್ಲಿ ದೋಷವಿಲ್ಲದ ಮಕ್ಕಳಲ್ಲಿ ಸಂದು ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಕಾಯಬೇಡಿ ಎಂದು ನಾನು ಒತ್ತಿ ಹೇಳುವುದು ಈ ಅವಕಾಶಕ್ಕಾಗಿ. ಮೇಲ್ದವಡೆ ಕಿರಿದಾಗಿ ಹಿಂದಿನ ಹಲ್ಲುಗಳು ಅಡ್ಡಕಚ್ಚಿಗೆ (ಮೇಲಿನ ಹಲ್ಲು ಕೆಳಗಿನದರ ಒಳಬದಿಗೆ ಕೂಡುವುದು) ಬಿದ್ದಿದ್ದರೆ ಅದು ತಾನಾಗಿ ಸರಿಹೋಗುವುದು ಅಪರೂಪ. ಆಗ ಮೇಲ್ದವಡೆಯನ್ನು ಪ್ರತ್ಯೇಕವಾಗಿ ಹಿಗ್ಗಿಸಬೇಕಾಗುತ್ತದೆ.

ಕಹಿ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಕನ್ನಡಿಯ ಮುಂದೆ ಕೂರಿಸಿ ಸಂದನ್ನು ಅವಳಿಗೇ ತೋರಿಸಿ, ಬಿಡಬೇಕೆಂಬ ಆಸೆ ಅವಳಲ್ಲೇ ಹುಟ್ಟಲಿ. ಚೀಪದ ರಾತ್ರಿಗಳನ್ನು ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಗುರುತು ಮಾಡಿಸಿ. ನಿದ್ದೆಯಲ್ಲಿ ಕೈ ತಾನಾಗಿ ಬಾಯಿಗೆ ಹೋಗುವುದಾದರೆ, ಅವಳ ಒಪ್ಪಿಗೆ ಪಡೆದು ಮೊಣಕೈಗೆ ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಿದರೆ ತೋಳು ಮಡಚುವಾಗ ಎಚ್ಚರವಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ತಿಂಗಳಲ್ಲಿ ಬಿಡಲಾಗದಿದ್ದರೆ, ಮತ್ತು ಅವಳಿಗೆ ಬಿಡುವ ಮನಸ್ಸಿದ್ದರೆ, ಆಗ ಕ್ರಿಬ್ ನಿಜವಾಗಿ ನೆರವಾಗುತ್ತದೆ.

ಉತ್ತರ: ಒಬ್ಬ ತಂದೆ, ಸುರತ್ಕಲ್

ಮೂಗನ್ನೂ ಒಮ್ಮೆ ತೋರಿಸಿಕೊಳ್ಳಿ. ನನ್ನ ಮಗ ಬೆರಳು ಚೀಪುತ್ತಿರಲಿಲ್ಲ, ಆದರೂ ಇದೇ ರೀತಿಯ ಸಂದು ಇತ್ತು. ಮಲಗಿದಾಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಿವಿ-ಮೂಗು-ಗಂಟಲು ತಜ್ಞರು ನೋಡಿದಾಗ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಅಂಗಾಂಶ ದಪ್ಪಗಾಗಿತ್ತು. ಹಲ್ಲಿನ ವಿಚಾರವೆಂದೇ ತಿಳಿದು ನಾವು ಒಂದು ವರ್ಷ ಕಳೆದುಕೊಂಡೆವು, ಆ ಸಂಕಟ ನನಗೆ ಇಂದಿಗೂ ಇದೆ.

ಪ್ರಶ್ನೆ ಕೇಳಿದ ತಾಯಿ

ಇಬ್ಬರಿಗೂ ಕೃತಜ್ಞತೆಗಳು. ಗೊರಕೆ ಇಲ್ಲ. ಆದರೆ ನುಂಗುವಾಗ ನಾಲಿಗೆಯನ್ನು ಸಂದಿನೊಳಕ್ಕೆ ಚಾಚುತ್ತಾಳೆ, 'ಸ' ಅಕ್ಷರ 'ಥ' ಎಂಬಂತೆ ಕೇಳಿಸುತ್ತದೆ. ಇದು ಬೇರೆ ಕಾಯಿಲೆಯೆ? ಕ್ರಿಬ್ ಹಾಕಿದರೆ ನೋವಾಗುತ್ತದೆಯೆ?

ಉತ್ತರ: ಮಕ್ಕಳ ದಂತವೈದ್ಯ, ಮಂಗಳೂರು

ಸುರತ್ಕಲ್ಲಿನವರ ಮಾತು ಸರಿಯಾದದ್ದು. ಗೊರಕೆ ಇಲ್ಲದಿದ್ದರೂ ಮೂಗಿನಿಂದ ಸಲೀಸಾಗಿ ಉಸಿರಾಡುತ್ತಾಳೆಯೇ ಎಂದು ಪರೀಕ್ಷೆ ಮಾಡಿಸಿ.

ನುಂಗುವಾಗ ಬಾಯಿಯ ಮುಂಭಾಗ ಮುಚ್ಚಲೇಬೇಕು. ಹಲ್ಲುಗಳು ಕೂಡದಿದ್ದರೆ ಆ ಕೆಲಸವನ್ನು ನಾಲಿಗೆ ಮಾಡುತ್ತದೆ. ಆದ್ದರಿಂದ ನಾಲಿಗೆ ಚಾಚುವುದು ಸಂದಿಗೆ ಕಾರಣವಾಗಿರುವುದಕ್ಕಿಂತ ಅದರ ಪರಿಣಾಮವಾಗಿರುವುದೇ ಹೆಚ್ಚು, ಮತ್ತು ಸಂದು ಮುಚ್ಚಿದಂತೆ ಬಹುಪಾಲು ಮಕ್ಕಳಲ್ಲಿ ಅದೂ ಕಡಿಮೆಯಾಗುತ್ತದೆ. ಉಚ್ಚಾರಣೆ ಆಮೇಲೂ ಹಾಗೆಯೇ ಉಳಿದರೆ ಮಾತಿನ ತಜ್ಞರನ್ನು ಕಾಣಿ.

ಕ್ರಿಬ್‌ನಲ್ಲಿ ಮೇಲಿನ ದವಡೆಹಲ್ಲುಗಳಿಗೆ ಉಂಗುರ ಅಂಟಿಸಿ, ಬಾಚಿಹಲ್ಲುಗಳ ಹಿಂದೆ ತಂತಿಯ ಬೇಲಿ ಬರುವಂತೆ ಮಾಡುತ್ತಾರೆ. ಬೆರಳಿಟ್ಟರೂ ಅಂಗುಳ ತಾಗದೆ ಚೀಪುವ ಸುಖ ಸಿಗುವುದಿಲ್ಲ. ಮೊದಲ ಕೆಲವು ದಿನ ಜೊಲ್ಲು ಹೆಚ್ಚು, ಮಾತು ಅಸ್ಪಷ್ಟ, ಊಟ ನಿಧಾನ. ಆ ದಿನಗಳಲ್ಲಿ ಗಂಜಿಯಂಥ ಮೆತ್ತಗಿನ ಆಹಾರ ಕೊಡಿ, ಚಕ್ಕುಲಿ ಮತ್ತು ಅಂಟುವ ಮಿಠಾಯಿ ಬೇಡ. ಬೆರಳು ಬಿಟ್ಟ ಮೇಲೂ ಸುಮಾರು 6 ತಿಂಗಳು ಅದನ್ನು ಉಳಿಸಿಕೊಳ್ಳಬೇಕು, ಬೇಗ ತೆಗೆದರೆ ಬೆರಳು ಮರಳಿ ಬಾಯಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಉಡುಪಿಯಲ್ಲಿರುವ ನಿಮಗೆ ಮಣಿಪಾಲದ ದಂತವೈದ್ಯಕೀಯ ಕಾಲೇಜು ಹತ್ತಿರ. ಅಲ್ಲಿ ಮಕ್ಕಳ ದಂತವಿಭಾಗವೂ ವಕ್ರ ಹಲ್ಲುಗಳನ್ನು ಸರಿಪಡಿಸುವ ವಕ್ರದಂತ ವಿಭಾಗವೂ ಇರುವುದರಿಂದ ಎರಡೂ ಕಡೆಯವರ ಅಭಿಪ್ರಾಯ ಪಡೆಯಬಹುದು. ಹೋಗುವಾಗ, ಅವಳು ಗಾಢ ನಿದ್ದೆಯಲ್ಲಿರುವಾಗ ಬಾಯಿ ಹೇಗಿರುತ್ತದೆ ಎಂಬುದರ ಒಂದು ವಿಡಿಯೋ ತೆಗೆದುಕೊಂಡು ಹೋಗಿ.